ಫಾರಮ್ಮಿನಲ್ಲಿ ಬರೆಯದ ಪುಡಿ

ಜೂನ್ ೩, ಬೆಳಿಗ್ಗೆ ೬

ಇಲ್ಲೂ ಬರೆಯಬಾರದೆಂದಿದ್ದೆ. ಜಿಮ್‌ಗೆ ಹೊರಡುವ ಮುಂಚೆ ಕ್ರಿಯಾಟಿನ್ ಕದಡುತ್ತಿದ್ದೇನೆ, ಸ್ನಾಯುಗಳಿಗೆ ಬಲ ಕೊಡುವ ಪುಡಿ, ಐದು ಗ್ರಾಂ. ನಾಲ್ಕು ತಿಂಗಳಾಯಿತು. ಮೊದಮೊದಲು ಹೊಟ್ಟೆಯುಬ್ಬರ, ಈಗ ಏನೂ ಇಲ್ಲ. ಆದರೆ ತಮ್ಮನಿಗಾಗಿ ತುಂಬಿದ ಕಿಡ್ನಿ ದಾನಿಯ ಫಾರಮ್ಮಿನಲ್ಲಿ ‘ಔಷಧಿ, ಸಪ್ಲಿಮೆಂಟ್’ ಎಂಬಲ್ಲಿ ‘ಇಲ್ಲ’ ಎಂದಿದೆ.

ನಮ್ಮ ಮನೆಯ ಫಾರಂಗಳನ್ನೆಲ್ಲ ತುಂಬುವವಳು ಅಮ್ಮ, ರಿಟೈರ್ಡ್ ಟೀಚರ್. “ಮಾತ್ರೆ-ಗೀತ್ರೆ ಏನೂ ಇಲ್ವಲ್ಲ?” ಎಂದಳು. ಜಿಮ್ ಪುಡಿಯೆಂದರೆ ಅವಳಿಗೆ ವಿಷ. “ಇಲ್ಲಮ್ಮ.” ಸಹಿ ಮಾತ್ರ ನನ್ನದು.

ಜೂನ್ ೭

ರಕ್ತಪರೀಕ್ಷೆಯಲ್ಲಿ ಎರಡನೇ ಸಲವೂ ಕ್ರಿಯಾಟಿನಿನ್ ೧.೪, ಕಿಡ್ನಿ ಸರಿಯಾಗಿ ಸೋಸುತ್ತಿಲ್ಲವೆಂಬ ಲೆಕ್ಕ. ಡಾಕ್ಟರ್ ತಲೆಯಾಡಿಸಿದರು. “ಸಾರಿ ಮೇಡಂ, ಈ ನಂಬರ್‌ಗೆ ನಿಮ್ಮ ಕಿಡ್ನಿ ತಗೊಳ್ಳಕ್ಕಾಗಲ್ಲ.”

ತಮ್ಮ ಮಾಧವ — ವಾರಕ್ಕೆ ಮೂರು ಡಯಾಲಿಸಿಸ್ — ನನ್ನನ್ನೇ ನಗಿಸಲು ನೋಡಿದ. “ತ್ಯಾಗಮಯಿ ಆಗೋ ಚಾನ್ಸ್ ಹೋಯ್ತಲ್ಲೇ ಅಕ್ಕ!”

ಕಾರಿನಲ್ಲಿ ಒಬ್ಬಳೇ ಕುಳಿತಾಗ ಮೈ ಹಗುರವಾಗಿತ್ತು. ದುಃಖಕ್ಕೆ ಹಾಗಾಗುವುದಿಲ್ಲ.

ಜೂನ್ ೮

ಟ್ರೇನರ್ ಮನುವನ್ನು ಕೇಳಿದೆ — ಈ ಪುಡಿಯಿಂದ ಕಿಡ್ನಿ ಹಾಳಾಗುತ್ತಾ?

“ಕಿಡ್ನಿ ಚೆನ್ನಾಗಿದ್ರೆ ಏನೂ ಆಗಲ್ಲ ಮೇಡಂ. ಟೆಸ್ಟಲ್ಲಿ ಕ್ರಿಯಾಟಿನಿನ್ ಜಾಸ್ತಿ ತೋರ್ಸ್ಬೋದು. ಮೂರ್ನಾಲ್ಕು ವಾರ ಪುಡಿ ನಿಲ್ಸಿ ಮಾಡ್ಸಿ, ಇಳಿಯುತ್ತೆ. ಡಾಕ್ಟರ್‌ಗೆ ಹೇಳಿದ್ದೀರ ತಾನೆ?”

“ಹೂಂ.”

ಎರಡನೇ ಸುಳ್ಳು. ಇದಕ್ಕೆ ಅಮ್ಮನ ನೆಪವಿಲ್ಲ.

ಜೂನ್ ೨೯

ಮೂರು ವಾರ ಏನೂ ಬರೆಯಲಿಲ್ಲ. ಪುಡಿ ಮಾತ್ರ ಬಿಡಲಿಲ್ಲ. ಜಿಮ್‌ಗೆ ಹೋಗದ ದಿನವೂ. ಯಾಕೆಂದು ಕೇಳಿಕೊಳ್ಳಲಿಲ್ಲ, ಗೊತ್ತಿತ್ತು.

ಅಮ್ಮ ತನ್ನ ಹೆಸರು ಕೊಟ್ಟಿದ್ದಾಳೆ. ಅರವತ್ತೇಳು ವರ್ಷ. “ನಿಂದಾಗ್ಲಿಲ್ಲ, ನಂದು ನೋಡ್ಲಿ. ಅದಕ್ಯಾಕೆ ಮುಖ ಹಂಗ್ ಮಾಡ್ತೀಯ?”

ಜುಲೈ ೧೭

ಅಮ್ಮನದು ಮ್ಯಾಚ್ ಆಯಿತು. ಗಸಗಸೆ ಪಾಯಸ ಮಾಡಿದಳು. “ಈ ವಯಸ್ಸಲ್ಲಿ ಫಸ್ಟ್ ಕ್ಲಾಸ್ ಪಾಸು ಕಣೇ!” ಅಂದಳು. ಬಿಪಿ ಸ್ವಲ್ಪ ಜಾಸ್ತಿಯಂತೆ, ಡಾಕ್ಟರ್ ರಿಸ್ಕ್ ವಿವರಿಸಿದರಂತೆ, ಅದಕ್ಕೂ ತಾನೇ ಸಹಿ ಹಾಕಿ ಬಂದಿದ್ದಾಳೆ. ಮಂಗಳವಾರ ಅಡ್ಮಿಷನ್.

ನನ್ನ ಪಾಲಿನ ಪಾಯಸ ಮುಚ್ಚಿ ಫ್ರಿಜ್ಜಿನಲ್ಲಿಟ್ಟೆ.

ಜುಲೈ ೧೮, ಶುಕ್ರವಾರ, ಬೆಳಿಗ್ಗೆ ೧೦

ಇವತ್ತು ಪುಡಿ ಕುಡಿಯಲಿಲ್ಲ. ಆಸ್ಪತ್ರೆಗೆ ಕಾಗದ ಬರೆದೆ. ಫೋನಾದರೆ ಮತ್ತೆ ‘ಹೂಂ’ ಎಂದು ಜಾರಿಕೊಳ್ಳುತ್ತೇನೆ. ‘ಕ್ರಿಯಾಟಿನ್ ತೆಗೆದುಕೊಳ್ಳುತ್ತಿದ್ದೆ. ಮುಚ್ಚಿಟ್ಟೆ. ನಿಲ್ಲಿಸಿದ್ದೇನೆ. ತಾಯಿಯ ಆಪರೇಷನ್ ಮುಂದೂಡಿ, ನನ್ನನ್ನು ಮತ್ತೆ ಪರೀಕ್ಷಿಸಿ.’ ಆಪರೇಷನ್ನಿನ ಹೆದರಿಕೆ ಹೋಗಿಲ್ಲ. ಹೋಗುವವರೆಗೆ ಕಾದರೆ ಮಂಗಳವಾರ ಬಂದಿರುತ್ತದೆ.

ಸೋಮವಾರ ಪೋಸ್ಟ್ ಮಾಡುವುದು ಎಂದು ಬರೆದೆ. ಹೊಡೆದುಹಾಕಿದೆ. ನಾಳೆ ಎಂದೆ. ಅದನ್ನೂ.

ಪೋಸ್ಟ್ ಮಾಡುವ ದಿನ: ಜುಲೈ ೧೮, ಈಗಲೇ, ಅಮ್ಮ ಪೂಜೆ ಮುಗಿಸಿ ಏಳುವ ಮುನ್ನ.