ಕೇಳದೆ ಅಚ್ಚಾದ ಹೆಸರು

ಹಲಗೇರಿ, ತಾ. ರಾಣೆಬೆನ್ನೂರು
14 ನವೆಂಬರ್ 2024, ಗುರುವಾರ

ಪ್ರೀತಿಯ ಅತ್ತೀ,

ನಿನ್ನನ್ನು ಒಂದು ಮಾತೂ ಕೇಳದೆ ನಿನ್ನ ಜಾತಿಯನ್ನು ಅಚ್ಚು ಹಾಕಿಸಿ ಊರೂರಿಗೆ ಹಂಚಿದೆ. ಅದು ತಪ್ಪು. ಅದನ್ನು ಮೊದಲ ಸಾಲಿನಲ್ಲೇ ಬರೆಯದಿದ್ದರೆ ನೀನು ಮುಂದೆ ಓದುವುದಿಲ್ಲವೆಂದು ಗೊತ್ತಿದೆ. ಮೊಣಕಾಲು ಈಗ ಹೇಗಿದೆ? ಮೆಟ್ಟಿಲು ಇಳಿಯುವಾಗ ಹಿಡಿದುಕೊಳ್ಳುತ್ತದೆ ಅಂದಿದ್ದೆ. ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯೋ ಇಲ್ಲವೋ. ಇಲ್ಲಿ ಅಪ್ಪ ಆರಾಮ ಇದ್ದಾನೆ. ಅಜ್ಜಿ ಹೋದ ಶನಿವಾರ ಕದರಮಂಡಲಗಿ ಹನುಮಪ್ಪನಿಗೆ ಹೋಗಿ ಮಗಳ ಹೆಸರಿನಲ್ಲಿ ಕಾಯಿ ಒಡೆಸಿಕೊಂಡು ಬಂದಳು. ನಿನ್ನ ಪಾಲಿನ ಕೊಬ್ಬರಿಯನ್ನು ಒಣಗಿಸಿ ಡಬ್ಬಿಯಲ್ಲಿಟ್ಟಿದ್ದಾಳೆ, ಯಾರಿಗೂ ಮುಟ್ಟಗೊಡುವುದಿಲ್ಲ.

ಇದು ಹೇಗಾಯಿತೆಂದು ಹೇಳುತ್ತೇನೆ. ಕ್ಷಮೆ ಗಿಟ್ಟಿಸಿಕೊಳ್ಳಲಿಕ್ಕಲ್ಲ, ಯಾರು ಏನು ಮಾಡಿದರೆಂಬುದು ನಿನಗೆ ಸರಿಯಾಗಿ ತಿಳಿದಿರಲಿ ಎಂದು. ಬೀಜದ ಕಂಪನಿಯಲ್ಲಿ ನನ್ನ ಕೆಲಸ ನಿನಗೆ ಗೊತ್ತಲ್ಲ. ನೂರು ಬೀಜ ಎಣಿಸಿ, ಒದ್ದೆ ಕಾಗದದಲ್ಲಿ ಸುತ್ತಿಟ್ಟು, ಎಂಟನೇ ದಿನ ಬಿಚ್ಚಿ ಎಷ್ಟು ಮೊಳೆತಿವೆ ಎಂದು ಬರೆಯುವುದು. ಅದೇ ರೀತಿ ಸಿನಿಮಾಗಳನ್ನೂ ಎಣಿಸಬಹುದಲ್ಲ ಅನ್ನಿಸಿತು. ನಮ್ಮ ಓದಿನ ಬಳಗದಲ್ಲಿ ಕೈಯಿಂದ ಕೈಗೆ ಬರುವ ಕಿರುಹೊತ್ತಿಗೆಗಳಲ್ಲೆಲ್ಲ ಸಿನಿಮಾದವರು ನಮ್ಮನ್ನು ತೋರಿಸುವುದಿಲ್ಲ ಎಂದಿರುತ್ತದೆ. ಎಷ್ಟು ತೋರಿಸುವುದಿಲ್ಲ ಎಂದು ಯಾರೂ ಹೇಳಿರಲಿಲ್ಲ. ನಾನು ಹೇಳುತ್ತೇನೆಂದು ಹೊರಟೆ. ಹಾವೇರಿಯ ಗ್ರಂಥಾಲಯಕ್ಕೆ ಹೋಗಿ ಜನಗಣತಿಯ ಪುಸ್ತಕ ನೋಡಿದೆ. ರಾಜ್ಯದಲ್ಲಿ ನಮ್ಮಂಥ ಪರಿಶಿಷ್ಟ ಜಾತಿಯವರು ನೂರಕ್ಕೆ ಹದಿನೇಳು. ಆಮೇಲೆ ಎಂಟು ತಿಂಗಳು ಕೂತು ಅರವತ್ತು ಸಿನಿಮಾ ನೋಡಿದೆ. ಕಥೆಯಲ್ಲಿ ಹೆಸರಿರುವ ಪಾತ್ರಗಳನ್ನು ಮಾತ್ರ ಎಣಿಸಬೇಕು, ಗುಂಪಿನಲ್ಲಿ ನಿಂತವರನ್ನು ಬಿಡಬೇಕು ಎಂಬುದು ನಾನೇ ಮಾಡಿಕೊಂಡ ನಿಯಮ. ಹಾಗೆ ಆರುನೂರಾ ನಲವತ್ತು ಮುಖ ಆದವು. ಆ ನಟನಟಿಯರ ಅಡ್ಡಹೆಸರು, ಹಳೆಯ ಸಂದರ್ಶನ, ಊರಿನವರ ಮಾತು ಹಿಡಿದು ಜಾತಿ ಬರೆದುಕೊಂಡೆ. ಗೊತ್ತಾಗದ ಇನ್ನೂರಾ ಹನ್ನೆರಡು ಮಂದಿಯನ್ನು ‘ತಿಳಿಯದು’ ಎಂಬ ಕಾಲಂನಲ್ಲಿ ಹಾಕಿದೆ.

ಹನ್ನೊಂದು ವರ್ಷ ಸಿನಿಮಾಗಳಲ್ಲಿ ನೀನು ತರಕಾರಿ ಮಾರುವವಳು, ನೀರು ತರುವವಳು, ಹೆಣದ ಮುಂದೆ ಅಳುವವಳು. ನನ್ನ ನಿಯಮದ ಪ್ರಕಾರ ಇಲ್ಲದವಳು. ಈ ವರ್ಷ ನಿನಗೆ ಮೊದಲ ಸಲ ಹೆಸರಿನ ಪಾತ್ರ ಸಿಕ್ಕಿತು, ನಾಯಕನ ತಾಯಿ ಪಾರ್ವತಮ್ಮ. ನಾವೆಲ್ಲ ಟಂಟಂ ಗಾಡಿ ಮಾಡಿಕೊಂಡು ರಾಣೆಬೆನ್ನೂರಿನ ಟಾಕೀಸಿಗೆ ಹೋಗಿದ್ದು ನೆನಪಿದೆಯಲ್ಲ, ಮಧ್ಯಂತರದಲ್ಲೇ ನಿನಗೆ ಫೋನ್ ಮಾಡಿದ್ದೆವು. ತೆರೆಯ ಮೇಲೆ ನೀನು ದಕ್ಷಿಣದ ಕಡೆಯ ಕನ್ನಡ ಮಾತಾಡಿದ್ದಕ್ಕೆ ಅಜ್ಜಿ, “ಇಕಿ ಯಾರ ಮಗಳ ಕೇಳ್ರಿ, ನಮ್ಮಂಗ ಒಂದ ಮಾತೂ ಆಡವಲ್ಲಳು” ಅಂದು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಹಾಗೆ ನೀನು ನನ್ನ ಲೆಕ್ಕದೊಳಗೆ ಬಂದೆ. ನಮ್ಮ ಜಾತಿಯ ಕಾಲಂನಲ್ಲಿ ಖಾತ್ರಿಯಾಗಿ ಗೊತ್ತಿದ್ದ ಒಂದೇ ಹೆಸರು ನಿನ್ನದು.

ನಿನ್ನನ್ನು ‘ತಿಳಿಯದು’ ಕಾಲಂನಲ್ಲಿ ಬಿಡಬಹುದಿತ್ತು. ಇನ್ನೂರಾ ಹನ್ನೆರಡು ಮಂದಿಯ ಜೊತೆ ನೀನೂ ಅಲ್ಲಿ ತಣ್ಣಗೆ ಇರುತ್ತಿದ್ದೆ. ಆದರೆ ಬಳಗದ ಸಭೆಯಲ್ಲಿ ಸುನೀಲಕುಮಾರ, ಆ ಒಬ್ಬರು ಯಾರು, ಹೆಸರಿಲ್ಲದಿದ್ದರೆ ಜನ ನಂಬುತ್ತಾರೇನು ಎಂದು ಕೇಳಿದ. ನಾನು ಅಲ್ಲೇ ಬರೆದುಕೊಟ್ಟೆ: ‘ಸುಚಿತ್ರಾ. ನಿಜ ಹೆಸರು ಹೊಳಿಯವ್ವ. ಊರು ಹಲಗೇರಿ.’ ಅದರ ಮುಂದೆ ಜಾತಿ. ಅಚ್ಚಿನ ಮನೆಯಲ್ಲಿ ಮುಸ್ತಾಕ್ ಕರಡು ತಿದ್ದುತ್ತಾ ಆ ಸಾಲಿಗೆ ಬೆರಳಿಟ್ಟು, “ಇವರನ್ನ ಕೇಳೀಯೇನಪಾ?” ಅಂದ. “ಖರೇ ಹೇಳಾಕ ಯಾರ ಪರವಾನಗಿ ಬೇಕ್ರಿ?” ಅಂದೆ. ಆ ಮಾತು ಆಡುವಾಗ ಎಷ್ಟು ಹೆಮ್ಮೆಯಾಗಿತ್ತೆಂದು ನೆನೆಸಿಕೊಂಡರೆ ಈಗ ನಾಚಿಕೆಯಾಗುತ್ತದೆ.

ನಮ್ಮ ಪ್ರಯೋಗಾಲಯಕ್ಕೆ ಬರುವ ಬೀಜದ ಚೀಲದ ಮೇಲೂ ರೈತನ ಹೆಸರು ಇರುವುದಿಲ್ಲ, ಅತ್ತೀ. ಬರೀ ನಂಬರ್ ಇರುತ್ತದೆ. ಹೆಸರು ಮ್ಯಾನೇಜರರ ಕಪಾಟಿನಲ್ಲಿ. ಹೊಲದವನಿಗೆ ತೊಂದರೆ ಆಗಬಾರದು, ಎಣಿಸುವವನ ಕಣ್ಣು ಯಾರ ಕಡೆಗೂ ವಾಲಬಾರದು ಎಂದು. ಮೂರು ವರ್ಷದಿಂದ ದಿನಾ ಆ ನಿಯಮ ಪಾಲಿಸಿದವನು ನಾನು. ಜೋಳದ ಬೀಜಕ್ಕೆ ಕೊಟ್ಟ ಮರೆಯನ್ನು ನಿನಗೆ ಕೊಡಲಿಲ್ಲ.

ಮತ್ತು ಅದು ಕೈತಪ್ಪಿ ಆದದ್ದೂ ಅಲ್ಲ. ಮೊಬೈಲಿನಲ್ಲಿ ನಿನ್ನ ಸಂದರ್ಶನ ನೋಡಿದ್ದೆ. ಯಾವ ಕಡೆಯವರು ಎಂದು ಕೇಳಿದರೆ ನೀನು ಹಾವೇರಿ ಕಡೆ ಅಂದೆ, ಮನೆಯವರು ಅಂದರೆ ಬೇಸಾಯಗಾರರು ಅಂದೆ, ನಕ್ಕೆ. ನನಗೆ ಸಿಟ್ಟು ಬಂತು. ಮುಚ್ಚಿಡುವವರು ದ್ರೋಹಿಗಳು ಎಂದು ಎಲ್ಲೋ ಓದಿದ್ದೆ. ನೀನು ಸುಳ್ಳು ಹೇಳಿರಲಿಲ್ಲ, ಬಾಡಿಗೆ ಮನೆ ಸಿಗುವಷ್ಟು, ಪಾತ್ರ ಸಿಗುವಷ್ಟು ಸುಮ್ಮನಿದ್ದೆ ಅಷ್ಟೇ. ಆ ಸುಮ್ಮನಿರುವಿಕೆಯಲ್ಲಿ ಹನ್ನೊಂದು ವರ್ಷ ಹೇಗೆ ಕಳೆದೆ ಎಂದು ಯಾವತ್ತೂ ನಾನು ಕೇಳಲಿಲ್ಲ. ಬರೆಯುವಾಗ ನಿನಗೆ ಕಲಿಸುತ್ತಿದ್ದೇನೆ ಅನ್ನಿಸಿತ್ತು.

ಹಾವೇರಿ ಬಸ್ ನಿಲ್ದಾಣದಲ್ಲೂ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲೂ ಕರಪತ್ರ ಹಂಚಿದೆವು. ಬ್ಯಾಡಗಿಯಲ್ಲಿ ಯಾರೋ ಫೋಟೋ ತೆಗೆದು ವಾಟ್ಸಾಪಿಗೆ ಹಾಕಿದರು. ನಾಲ್ಕೇ ದಿನಕ್ಕೆ ಅದು ನಿನ್ನ ಹೊಸ ಸಿನಿಮಾದ ಮ್ಯಾನೇಜರನ ಫೋನಿಗೆ ಮುಟ್ಟಿತು. ಡೇಟ್ ಹೊಂದುತ್ತಿಲ್ಲ ಎಂದು ನಿನ್ನ ಪಾತ್ರ ಬೇರೆಯವರಿಗೆ ಕೊಟ್ಟರು. ಮನೆಯ ಮಾಲೀಕರಿಗೆ ಇದ್ದಕ್ಕಿದ್ದಂತೆ ಅವರ ಅಳಿಯನಿಗೆ ಮನೆ ಬೇಕಾಯಿತು. ಯಾರೂ ಕಾರಣ ಹೇಳಲಿಲ್ಲ, ಹೇಳಿದ್ದರೆ ಜಗಳವಾದರೂ ಆಡಬಹುದಿತ್ತು. ನೀನು ಕಡೆಯ ಸಲ ಫೋನ್ ಮಾಡಿದಾಗ ಬೈಯುತ್ತೀ ಅಂದುಕೊಂಡಿದ್ದೆ. “ದುರ್ಗೇಶ, ಮುಂದಿನ ವರ್ಷನೂ ಎಣಸು. ಸೊನ್ನಿ ಬರತೈತಿ. ಆವಾಗ ನಿನ್ನ ಕರಪತ್ರ ಇನ್ನೂ ಛಲೋ ಆಗತೈತಿ” ಅಂದು ಫೋನ್ ಇಟ್ಟುಬಿಟ್ಟೆ. ಅವತ್ತಿನಿಂದ ಕೆಲಸದಲ್ಲಿ ಬೀಜ ಎಣಿಸುವಾಗ ಎರಡೆರಡು ಸಲ ತಪ್ಪುತ್ತೇನೆ.

ಲೆಕ್ಕ ಬೇಡವೆಂದು ಈಗಲೂ ಅನ್ನಲಾರೆ. ನಾವು ಎಷ್ಟು ಮಂದಿ, ತೆರೆಯ ಮೇಲೆ ಎಷ್ಟು ಮಂದಿ ಎಂದು ಕೇಳಲೇಬೇಕು. ಆದರೆ ಆ ಲೆಕ್ಕದ ಬೆಲೆಯನ್ನು ನಾನು ಕೊಡಬೇಕಿತ್ತು, ನಿನ್ನಿಂದ ಕೊಡಿಸಿದೆ. ಉಳಿದ ಪ್ರತಿಗಳನ್ನು ಬಳಗದಿಂದ ವಾಪಸು ತಂದಿದ್ದೇನೆ. ಹೊರಗೆ ಹೋದವನ್ನು ತರಲಾಗುವುದಿಲ್ಲ.

ಕಾಲಿಗೆ ಎಣ್ಣೆ ಹಚ್ಚಿಕೋ. ನಿನ್ನ ಪಾದ ಮುಟ್ಟಿ ನಮಸ್ಕರಿಸುವ ಯೋಗ್ಯತೆ ಇದೆಯೋ ಇಲ್ಲವೋ, ನಮಸ್ಕರಿಸಿದ್ದೇನೆ.

ನಿನ್ನ ಅಣ್ಣನ ಮಗ,
ದುರ್ಗೇಶ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇದನ್ನು ಬರೆಯದಿದ್ದರೆ ಮೇಲಿನದೆಲ್ಲ ಅರ್ಧ ಸುಳ್ಳು. ಕರಪತ್ರದಲ್ಲಿ ಬಳಗದ ಹೆಸರು ಮಾತ್ರ ಇದೆ, ನನ್ನದಿಲ್ಲ. ಮನೆಯಲ್ಲಿ ಇನ್ನೂ ಗೊತ್ತಿಲ್ಲ. ಅಜ್ಜಿ ದಿನಾ ರೊಟ್ಟಿ ತಟ್ಟುತ್ತಾ, “ಅದನ್ನ ಬರದಾವನ ಕೈ ಸೇದಿ ಹೋಗಲಿ” ಅನ್ನುತ್ತಾಳೆ, ಆಮೇಲೆ ಬಿಸಿ ರೊಟ್ಟಿ ನನ್ನ ತಾಟಿಗೇ ಹಾಕುತ್ತಾಳೆ. ಮೊನ್ನೆ ಅಪ್ಪ ಬಳಗದವರ ಪೈಕಿ ಯಾರು ಬರೆದದ್ದೆಂದು ನಿನಗೆ ಫೋನಿನಲ್ಲಿ ಕೇಳಿದಾಗ ನಾನು ಪಕ್ಕದಲ್ಲೇ ಕೂತಿದ್ದೆ. “ಯಾರೋ ಏನೋ, ನನಗೇನ ಗೊತ್ತೋ ಅಣ್ಣಾ, ಬಿಡು” ಅಂದೆ ನೀನು. ನಿನಗೆ ಗೊತ್ತಿತ್ತು. ನಿನ್ನ ಹೆಸರನ್ನು ನಾನು ಊರಿಗೆಲ್ಲ ಹೇಳಿದೆ, ನನ್ನ ಹೆಸರನ್ನು ನೀನು ನಿನ್ನ ಅಣ್ಣನಿಗೂ ಹೇಳಲಿಲ್ಲ. ಶನಿವಾರ 23ಕ್ಕೆ ಊಟದ ಹೊತ್ತಿಗೆ ಅಪ್ಪ, ಅಜ್ಜಿ ಇಬ್ಬರ ಮುಂದೆಯೂ ನಾನೇ ಹೇಳುತ್ತೇನೆ. ಆಮೇಲೆ ರೈಲು ಹತ್ತುತ್ತೇನೆ. ಮನೆ ಖಾಲಿ ಮಾಡಲು ಸಾಮಾನು ಹೊರುವವರು ಬೇಕಲ್ಲ. ಕರೆಯದೆ ಗೇಟಿನೊಳಗೆ ಬರುವುದಿಲ್ಲ. ನಿನ್ನ ಬೀದಿಯ ತುದಿಯ ಬಸ್ ಸ್ಟಾಪಿನಲ್ಲಿ ನಿಂತಿರುತ್ತೇನೆ, ನವೆಂಬರ್ 24, ಭಾನುವಾರ, ಬೆಳಿಗ್ಗೆ ಹತ್ತು ಗಂಟೆಗೆ.