ನಲವತ್ತೊಂದನೇ ನಂಬರಿನ ಮೊಹರು

ಬಿಷ್ಕೆಕ್
ಶುಕ್ರವಾರ, ನವೆಂಬರ್ ೧೪

ತಾಷ್ಟನ್,

ಅದಕ್ಕೇ ಹೇಳಿದ್ದು, ವಿಮಾನದ ಬಾಲದ ಮುಚ್ಚಳ ಬಿಚ್ಚದೆ ಆಗುವುದಿಲ್ಲ ಅಂತ. ನಿನ್ನೆ ನೀನು ಬಾಗಿಲಲ್ಲಿ ಬೂಟಿಗೆ ಕಾಲು ತೂರಿಸುತ್ತ "ಯೋಚನೆ ಮಾಡು, ಬೆಳಿಗ್ಗೆ ಹೇಳು" ಅಂದೆ. ಬೆಳಿಗ್ಗೆ ಕಳೆದು ಸಂಜೆ ನಾಲ್ಕಾಯಿತು, ತಡವಾದದ್ದಕ್ಕೆ ಕ್ಷಮಿಸು. ಕ್ಷೇಮವೇ ಎಂದು ಕೇಳುವುದು ರೂಢಿ. ಕೇಳಬೇಕಾಗಿಲ್ಲ, ಕಣ್ಣಾರೆ ಕಂಡೆ. ಆಫೀಸಿಗೆ ಹತ್ತಿದ ಮೇಲೆ ನಿನ್ನ ಕತ್ತು ದಪ್ಪವಾಗಿದೆ.

ಇಂಥ ಕಾಗದವನ್ನು ಡಿಯರ್ ಸರ್, ವಿತ್ ರೆಫರೆನ್ಸ್ ಟು ಎಂದು ಶುರು ಮಾಡಬೇಕೆಂದು ಕಾಲೇಜಿನಲ್ಲಿ ರೈಸಾ ಮೇಡಂ ಕಲಿಸಿದ್ದರು. ಅದರ ಮುಂದಿನದು ನನಗೆ ಮರೆತಿದೆ. ನಿನಗಂತೂ ಎಂದೂ ಬಂದಿರಲಿಲ್ಲ, ನನ್ನ ಹಾಳೆ ನೋಡಿ ಬರೆದೇ ಪಾಸಾದವನು ನೀನು. ನೋಡದೆ ಬರೆಯುವ ಅಭ್ಯಾಸ ಆಮೇಲೆ ಬಂತು.

ನಿನ್ನೆ ನೀನು ಬಂದದ್ದು ಗುರುವಾರ. ನಮ್ಮಲ್ಲಿ ಗುರುವಾರ ಎಣ್ಣೆ ಕಾಯಿಸಿ ಹಿಟ್ಟಿನ ಬೋರ್ಸೋಕ್ ಕರಿಯುವುದು ಯಾರಿಗೆ ಎಂದು ನಿನಗೆ ಗೊತ್ತು. ಆ ವಾಸನೆ ತೀರಿಹೋದ ನನ್ನವಳು ಕಲಿಪಾಗೆ ಮುಟ್ಟಲಿ ಎಂದು ಐದು ವರ್ಷದಿಂದ ನಾನೇ ಕರಿಯುತ್ತಿದ್ದೇನೆ. ಅರ್ಧ ಸೀಯಿಸುತ್ತೇನೆ, ಅರ್ಧ ಹಸಿ ಉಳಿಸುತ್ತೇನೆ. ನೀನು ಅವಳ ಹೆಸರೆತ್ತಿ ಪ್ರಾರ್ಥಿಸದೆ ಆರು ತಿಂದೆ. ಮೂರನೇ ಬಟ್ಟಲಿಗೆ ನಾನು ಚಹಾವನ್ನು ಅಂಚಿನವರೆಗೂ ತುಂಬಿಸಿ ಕೊಟ್ಟೆ. ಕುಡಿದು ಎದ್ದು ಹೋಗು ಎನ್ನಲು ಮನೆಯವನಿಗೆ ಇರುವ ಮರ್ಯಾದೆಯ ದಾರಿ ಅದೊಂದೇ. ನೀನು ಸೊರ್ ಎಂದು ಕುಡಿದು ಮತ್ತೆ ಬಟ್ಟಲು ಚಾಚಿದೆ.

ಅಷ್ಟರಲ್ಲಿ ನೀನು ಚೀಲದಿಂದ ಏಳು ಚೀಟಿ ತೆಗೆದು ಮೇಜುಬಟ್ಟೆಯ ಮೇಲೆ ಹರಡಿದ್ದೆ. ಬಾಲದ ರೆಕ್ಕೆಯನ್ನು ಮೇಲೆ ಕೆಳಗೆ ಆಡಿಸುವ ಸಲಾಕೆಗಳು, ಏಳು ಬೋಲ್ಟು, ಅವು ಕಳಚದಂತೆ ಏಳು ಪಿನ್ನು. ಪ್ರತಿ ಚೀಟಿಯಲ್ಲೂ "ಮಾಡಿದವನು" ಎಂಬಲ್ಲಿ ನಮ್ಮ ಪಾಳಿಯ ಮೆದೆರನ ಮೊಹರು, "ನೋಡಿದವನು" ಎಂಬಲ್ಲಿ ಖಾಲಿ.

"ಒತ್ತಿಬಿಡೋ ಎಸೆನ್. ನಾಳೆ ಬೆಳಿಗ್ಗೆ ವಿಮಾನ ಹೊರಡ್ಬೇಕು."

"ನಾನು ಅವತ್ತು ರಜೆ. ನೋಡಿಲ್ಲ."

"ನಾನು ನೋಡಿದ್ದೀನಿ ಕಣೋ."

"ಹಂಗಾದ್ರೆ ನೀನೇ ಒತ್ತು."

"ಆಫೀಸಿಗೆ ಹೋದ್ಮೇಲೆ ನನ್ನ ಮೊಹರು ವಾಪಸ್ ತಗೊಂಡ್ರು, ನಿನಗೆ ಗೊತ್ತಿಲ್ವಾ?"

"ಮುಚ್ಚಳ ಬಿಚ್ಚಿಸು. ನೋಡ್ತೀನಿ, ಒತ್ತುತೀನಿ."

"ಬಿಚ್ಚಿ ಮುಚ್ಚೋಕೆ ಒಂಬತ್ತು ಗಂಟೆ ಬೇಕು. ಜನ ಎಲ್ಲಿದ್ದಾರೆ? ನಿಮ್ಮಜ್ಜಿ ಬಂದು ಬಿಚ್ತಾಳಾ?"

ಜನ ಎಲ್ಲಿದ್ದಾರೆ ಎಂದು ನನ್ನನ್ನು ಕೇಳುತ್ತೀಯಲ್ಲ. ಒಂದು ಪಾಳಿಗೆ ಹನ್ನೊಂದು ಜನ ಇದ್ದೆವು, ಈಗ ನಾಲ್ವರು. ಮೂವರು ದುಬೈಗೆ ಹೋದರು, ಇಬ್ಬರು ಇಸ್ತಾಂಬುಲಿಗೆ, ಎಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳುತ್ತಿದ್ದ ಒಬ್ಬ ಓಷ್ ಬಜಾರಿನ ಮುಂದೆ ಟ್ಯಾಕ್ಸಿ ಓಡಿಸುತ್ತಾನೆ. ಉಳಿದವನನ್ನು ನೀನೇ ಕಳಿಸಿದೆ. ವಿಮಾನಗಳು ಮಾತ್ರ ನಾಲ್ಕಿದ್ದದ್ದು ಏಳಾದವು. ಹೊಸಬರನ್ನು ತೆಗೆದುಕೊಳ್ಳಿ ಎಂದರೆ, ಅರವತ್ತರ ಹತ್ತಿರ ಬಂದವರನ್ನು ಮನೆಗೆ ಕಳಿಸುವ ಪಟ್ಟಿ ಬರೆಯುತ್ತೀರಿ. ಸೋಮವಾರ ಹೊರಬೀಳುವ ಆ ಪಟ್ಟಿಯಲ್ಲಿ ನನ್ನ ಹೆಸರಿಗೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆದಿದ್ದೀಯಂತೆ. ಒತ್ತಿದರೆ ಅಳಿಸುತ್ತೀ, ಒತ್ತದಿದ್ದರೆ ಮಸಿಯಲ್ಲಿ ತಿದ್ದುತ್ತೀ. ಇದನ್ನು ನೀನು ನನ್ನ ಜಾಮ್ ಸವರಿಕೊಂಡೇ ಹೇಳಿದೆ.

ಕೊನೆಗೆ ಹೇಳಿದ್ದು ಇದು: "ಎರಡನೇ ಮೊಹರು ಬರೀ ಶಾಯಿ ಕಣೋ. ಯಾವಾಗ್ಲೂ ಬರೀ ಶಾಯಿನೇ ಆಗಿತ್ತು."

ಈ ಮಾತನ್ನು ರಾತ್ರಿಯೆಲ್ಲ ಅಗಿದೆ. ನುಂಗಲು ಆಗಲಿಲ್ಲ.

ಬೆಳಿಗ್ಗೆ ಮೆದೆರನನ್ನು ಹುಡುಕಿದೆ. ಆ ಬಾಲವನ್ನು ಅವನು ಒಬ್ಬನೇ ಹದಿನಾರು ಗಂಟೆ ನಿಂತು ಮುಗಿಸಿದವನು. ಬೆಂಚಿನ ಮೇಲೆ ಕೂತಲ್ಲೇ ನಿದ್ದೆ ಮಾಡುತ್ತಿದ್ದ, ಮೂರು ಮಕ್ಕಳ ತಂದೆ. ಎಬ್ಬಿಸಿ, ಏಳಕ್ಕೂ ಪಿನ್ನು ಹಾಕಿದೆಯಾ ಎಂದು ಕೇಳಿದೆ. ಮುಖ ಉಜ್ಜಿಕೊಂಡು ಲೆಕ್ಕ ಹಾಕಿದ. "ಐದಕ್ಕೆ ಹಾಕಿದ್ದು ನೆನಪಿದೆ ಅಣ್ಣಾ. ಇನ್ನೆರಡಕ್ಕೂ ಹಾಕಿರ್ತೀನಿ. ಹಾಕ್ದೆ ಇರ್ತೀನಾ?" ಅವನ ಮೇಲೆ ನನಗೆ ಸಿಟ್ಟಿಲ್ಲ. ಆ ಹೊತ್ತಿನಲ್ಲಿ ನನ್ನ ಕೈಯೂ ಹಾಗೇ. ಅದಕ್ಕೇ ತಾನೇ ಇನ್ನೊಬ್ಬ ಬೇಕಾದದ್ದು. ನೀನು ಮಾಡಿದ್ದನ್ನು ನಾನು, ನಾನು ಮಾಡಿದ್ದನ್ನು ನೀನು, ಇಪ್ಪತ್ತಾರು ವರ್ಷ. ನಾನು ಹಾಕಲು ಮರೆತ ತಂತಿಯನ್ನು ನೀನು ಹಿಡಿದಿದ್ದೀ, ವರ್ಷವಿಡೀ ನನ್ನನ್ನು "ಕುರುಡ ಕುದುರೆ" ಎಂದು ಕರೆದಿದ್ದೀ. ಆಗ ನಕ್ಕಿದ್ದೆ.

ನೀನು ನೋಡಿದ್ದೀನಿ ಎಂದದ್ದು ಸುಳ್ಳು ಎಂದೂ ಮೆದೆರ್ ಹೇಳಿದ. ನೀನು ಏಣಿಯ ಬುಡಕ್ಕೂ ಬಂದಿರಲಿಲ್ಲವಂತೆ.

ಅಲ್ಲಿಂದ ನೇರ ತಪಾಸಣೆಯವರ ಕಿಟಕಿಗೆ ಹೋದೆ. ಜೂರಾ ದಾಖಲೆ ಪುಸ್ತಕ ಈಚೆ ತಳ್ಳಿ, "ಎಸೆನಣ್ಣಾ, ಇಲ್ಲಿ ಬರೆದ್ಮೇಲೆ ಅಳಿಸೋಕ್ಕಾಗಲ್ಲ, ನೋಡ್ಕೊಳ್ಳಿ" ಅಂದಳು. ನೋಡಿಕೊಂಡೇ ಬರೆದೆ: ಬಾಲದ ಏಳು ಬೋಲ್ಟು, ಎರಡನೇ ತಪಾಸಣೆ ಆಗಿಲ್ಲ. ಕೆಳಗೆ ನನ್ನ ನಲವತ್ತೊಂದನೇ ನಂಬರಿನ ಮೊಹರು ಒತ್ತಿದೆ. ಈ ವಾರ ನಾನು ಒತ್ತಿದ್ದು ಅದೊಂದೇ. ಇನ್ನು ಮುಚ್ಚಳ ಬಿಚ್ಚದೆ ಆ ವಿಮಾನ ಕದಲುವುದಿಲ್ಲ. ಬಿಚ್ಚುವುದಕ್ಕೆ ಕರೆದರೆ ಬರುತ್ತೇನೆ, ಟಾರ್ಚು ನನ್ನದೇ ತರುತ್ತೇನೆ. ಸೋಮವಾರ ಮೊಹರನ್ನು ಜೂರಾಳ ಕೈಗೆ ಕೊಡುತ್ತೇನೆ, ನಿನ್ನ ಕೈಗಲ್ಲ. ಪೆನ್ಸಿಲ್ಲಿನ ಮೇಲೆ ಮಸಿ ಹಾಕಿಕೋ.

ಹಿರಿಯನಾಗಿ ಹರಸಬೇಕು, ನಿನಗಿಂತ ನಾಲ್ಕು ತಿಂಗಳು ದೊಡ್ಡವನು. ನಿನ್ನ ಮೊಮ್ಮಕ್ಕಳು ಚೆನ್ನಾಗಿ ಬಾಳಲಿ. ಅವರು ಹತ್ತುವ ವಿಮಾನವನ್ನು ಇಬ್ಬರು ನೋಡಿರಲಿ.

ಎಸೆಂಗುಲ್

ಮರೆತ ಮಾತು: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಡಿಸಿದೆ. ಐದು ವರ್ಷದ ಹಿಂದೆ, ಮಾರ್ಚಿನಲ್ಲಿ, ಇದೇ ಏಳು ಬೋಲ್ಟು. ಕೆಲಸ ನಿನ್ನದು, ನೋಡಬೇಕಾದವನು ನಾನು. ಕಲಿಪಾ ಆಸ್ಪತ್ರೆಯಲ್ಲಿದ್ದಳು. ಮಧ್ಯಾಹ್ನ ಮಗಳು ಚಿನಾರಾ ಫೋನ್ ಮಾಡಿ ಬೇಗ ಬಾ ಅಂದಳು, ನಾನು ಕೋಟು ಹಾಕಿಕೊಂಡೆ. ನೀನು ಬಾಗಿಲಿಗೆ ಅಡ್ಡ ನಿಂತು ಹೇಳಿದೆ: "ಎರಡನೇ ಕಣ್ಣಿಲ್ದೆ ವಿಮಾನ ಅಲುಗಾಡಲ್ಲ ಎಸೆನ್. ಒಂದು ಗಂಟೆ, ಅಷ್ಟೇ." ನಾಲ್ಕು ಗಂಟೆ ಹಿಡಿಯಿತು. ಒಂದೊಂದು ಪಿನ್ನಿಗೂ ಬೆಳಕು ಹಿಡಿದು ನೋಡಿ ಒತ್ತಿದೆ. ಕಲಿಪಾ ಕಣ್ಣು ಮುಚ್ಚುವ ಮುಂಚೆ ಎರಡು ಸಲ "ನಿಮ್ಮಪ್ಪ ಬಂದ್ರಾ" ಎಂದು ಕೇಳಿದಳಂತೆ. ಅವಳು ಹೋದ ನಲವತ್ತನೇ ದಿನದ ಊಟದಲ್ಲಿ ಚಿನಾರಾ ನಿನ್ನನ್ನು ಬಾಯಿಗೆ ಬಂದಂತೆ ಬಯ್ದಾಗ ನಾನು ಅವಳನ್ನೇ ಗದರಿಸಿದೆ. ನೂರ ಅರವತ್ತು ಜನರ ಜೀವ ಕಣೇ, ತಾಷ್ಟನ್ ಮಾಡಿದ್ದು ಸರಿ ಎಂದೆ. ಅಂದಿನಿಂದ ಅವಳು ನನ್ನ ಹತ್ತಿರ ಸರಿಯಾಗಿ ಮಾತಾಡಿಲ್ಲ. ಆ ಒಂದು ಮಾತಿನ ಮೇಲೆ ಐದು ವರ್ಷ ನಿಂತಿದ್ದೇನೆ.

ಯಾವಾಗಲೂ ಬರೀ ಶಾಯಿಯೇ ಆಗಿದ್ದರೆ, ಅವತ್ತು ನನ್ನನ್ನು ಯಾಕೆ ಹಿಡಿದು ನಿಲ್ಲಿಸಿದೆ?

ಇನ್ನೂ ಬರೆಯುವುದಿತ್ತು. ಕಿಟಕಿಯಲ್ಲಿ ಬೆಳಕು ಹೋಗುತ್ತಿದೆ, ಗೆರೆ ಕಾಣುತ್ತಿಲ್ಲ. ದೀಪ ಹಾಕಿದರೆ ಓದಿಬಿಡುತ್ತೇನೆ, ಓದಿದರೆ ಹರಿದುಬಿಡುತ್ತೇನೆ.