ನಾನು ಅಂಗಿ ಬಿಚ್ಚದ ಕಾರಣ

ಗುರುಸಿದ್ಧಣ್ಣ,

"ಅಂಗಿ ತೆಗಿಯಾಕ ನಾಚತಾನ, ಇವನಿಗೊಂದು ಚೋಳಿ ತರ್ರಿ" ಅಂತ ನಿನ್ನೆ ಬೀರೋಬಾನ ಗುಡಿಯಲ್ಲಿ ಎಲ್ಲರ ಮುಂದೆ ಅಂದೆಯಲ್ಲ. ಮರೆಪ್ಪ ಕಾಕಾನೂ ನಕ್ಕ. ದೇವರ ಪಾಲಕಿಗೆ ಬರಿಮೈಯಲ್ಲೇ ಹೆಗಲು ಕೊಡಬೇಕು, ಅದು ನನಗೂ ಗೊತ್ತು.

ನನ್ನ ಎದೆ ಊದಿದೆ, ಅಂಗಿ ತಾಗಿದರೂ ನೋಯುತ್ತದೆ. ಮೈ ಕಟ್ಟಲಿ ಅಂತ ಕುಸ್ತಿ ತಾಲೀಮಿನಲ್ಲಿ ನೀನೇ ಚುಚ್ಚಿದ ಇಂಜೆಕ್ಷನ್ ಒಳಗೆ ಹೋಗಿ ಈಸ್ಟ್ರೋಜನ್ ಅನ್ನುವ ಹಾರ್ಮೋನು ಆಗುತ್ತದಂತೆ. "ಅದು ಬರೇ ಹೆಂಗಸರದಲ್ಲೋ ತಮ್ಮಾ, ಗಂಡಸರ ಎಲುಬಿಗೂ ಬೇಕು. ನಿನಗ ಅತಿಯಾಗ್ಯಾದ" ಅಂದರು ಸೋಲಾಪುರದ ಡಾಕ್ಟರು. ನಿನ್ನ ಮೈಯಲ್ಲೂ ಅದು ಇದೆ. ಚೋಳಿ ಎರಡು ತರಿಸು.

ಉಳಿದ ಬಾಟಲಿ ಒಡೆದು ಹಾಕಿದ್ದೇನೆ, ಹುಡುಕಬೇಡ. ನೀನೂ ಚುಚ್ಚಿಕೊಳ್ಳುವುದು ಬಿಡು. ಮದುವೆ ಆದವನು, ಇದರಿಂದ ಮಕ್ಕಳಾಗುವುದಕ್ಕೂ ತೊಂದರೆಯಂತೆ, ಒಮ್ಮೆ ಡಾಕ್ಟರಿಗೆ ತೋರಿಸಿಕೋ. ಮನೆಯ ಕುಂಟ ಕುರಿಮರಿಗೆ ಹಾಲು ಕುಡಿಸು. ನಾನು ಸೋಲಾಪುರದ ಎಂಐಡಿಸಿಯ ಕಾರ್ಖಾನೆಯಲ್ಲೇ ಇರುತ್ತೇನೆ, ಸದ್ಯ ಊರಿಗೆ, ಮೈಂದರ್ಗಿಗೆ ಬರುವುದಿಲ್ಲ. ನನಗೆ ಮಗ್ಗದ ಕೆಲಸ ಹೆಚ್ಚಾಗಿದೆ ಅಂತ ಅವ್ವನಿಗೆ ಹೇಳು, ಬೇರೇನೂ ಹೇಳಬೇಡ.

ನಾನು ಗುಡಿಯಿಂದ ಹೊರಟಾಗ ನೀನು ಹಿಂದಿನಿಂದ "ಯಾಕಲೇ, ಬಾಯಾಗ ನಾಲಿಗಿ ಇಲ್ಲೇನು?" ಅಂತ ಕೂಗಿದೆ. ಇತ್ತು. ಬಾಯಿ ತೆಗೆದರೆ ಅಷ್ಟು ಜನರ ಮುಂದೆ ನಿನ್ನ ಹೆಸರು ಬರುತ್ತಿತ್ತು. ಅದಕ್ಕೇ ನಡೆದುಬಂದೆ.

ಮಾಳಪ್ಪ